ಮೈ ಇಳಿಸುವವರ ಮನೆಯ ವ್ಯಾಯಾಮ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಊರುಗಳು ಉತ್ತರದ ಭೀಮೆಗೂ ದಕ್ಷಿಣದ ಕೃಷ್ಣೆಗೂ ನಡುವಣ ಎರೆನೆಲದ ಸೀಮೆಯವು. ಬಿಳಿಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೇಲೊಂದಿಷ್ಟು ಎಣ್ಣೆ—ಇದು ಅಲ್ಲಿಯ ಊಟ. ದಿನವೆಲ್ಲ ಎತ್ತುಗಳ ಹಿಂದೆ ನಡೆದು, ಸಂಜೆ ಚೀಲ ಹೊತ್ತು ಮನೆಗೆ ಬರುತ್ತಿದ್ದವನಿಗೆ ಈ ಊಟ ತಕ್ಕದ್ದಾಗಿದ್ದಿತು. ಅವನ ಮೊಮ್ಮಗನು ಇಂದು ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಅಂಗಡಿಯ ಗಾದಿಯ ಮೇಲೆಯೋ ಕುಳಿತಿರತಕ್ಕವನು. ಓಣಿಯ ತುದಿಗೆ ಹೋಗಬೇಕಾದರೂ ಮೋಟಾರುಬೈಕನ್ನೇರುವವನು. ಅಜ್ಜನ ಹೊಲದ ಕೆಲಸ ಅವನಿಗೆ ಬರಲಿಲ್ಲ, ಅಜ್ಜನ ತಾಟು ಮಾತ್ರ ಬಂದಿತು. ಈ ಮಾತು ಆ ನಾಲ್ಕು ಊರುಗಳಿಗೇ ಮೀಸಲಾದುದಲ್ಲ. ಬೆಂಗಳೂರು ಮೈಸೂರುಗಳ ನಾಗರಿಕರಾದ ನಮಗೂ ಸಲ್ಲುತ್ತದೆ. ಆದರೆ ಹಣ ತೆತ್ತು ಸೇರಬಹುದಾದ ವ್ಯಾಯಾಮಶಾಲೆಗಳು ಓಣಿಗೊಂದರಂತಿಲ್ಲದ ಊರುಗಳನ್ನು ಮುಂದಿಟ್ಟುಕೊಂಡು ಯೋಚಿಸಿದರೆ, ಅವಶ್ಯವಾದುದು ಯಾವುದು, ಆಡಂಬರ ಯಾವುದು ಎಂಬುದು ಬೇಗ ತಿಳಿಯುತ್ತದೆ.

ಮೊದಲು ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳೋಣ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿಗಳುಂಟು. ಒಂದು ಹಿಡಿ, ಎಂದರೆ 30 ಗ್ರಾಂ, ಶೇಂಗಾದಲ್ಲಿಯೂ ಅಷ್ಟೇ. 70 ಕಿಲೋ ತೂಕದವನು ಅರ್ಧ ಗಂಟೆ ಚುರುಕಾಗಿ ನಡೆದರೆ ವೆಚ್ಚವಾಗುವುದು ಸುಮಾರು 120. ಅಂದರೆ ಬೆಳಗಿನ ನಡಿಗೆಯ ಶ್ರಮವೆಲ್ಲ ಒಂದು ರೊಟ್ಟಿಗೂ ಸಾಲದು. ನಡೆದು ಬಂದೆವೆಂದು ಎರಡು ರೊಟ್ಟಿ ಹೆಚ್ಚಾಗಿ ತಿಂದವರ ತೂಕ ಏರುವುದೇ ನ್ಯಾಯ. ತೂಕ ಇಳಿಯುವುದು ಮುಖ್ಯವಾಗಿ ತಾಟಿನಲ್ಲಿ, ಅಂಗಳದಲ್ಲಲ್ಲ.

ಹಾಗಾದರೆ ವ್ಯಾಯಾಮವೇಕೆ? ಊಟವನ್ನು ಮಾತ್ರ ಕಡಿಮೆ ಮಾಡಿ ಮೈ ಇಳಿಸಿದರೆ, ಹೋದ ತೂಕವೆಲ್ಲ ಕೊಬ್ಬಾಗಿರುವುದಿಲ್ಲ. ಅದರಲ್ಲಿ ಸುಮಾರು ಕಾಲು ಭಾಗ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಶವಾಗಿರಬಹುದು. ಎಂಟು ಕಿಲೋ ಇಳಿಸಿದವನು ಎರಡು ಕಿಲೋದಷ್ಟು ತನ್ನ ಬಲವನ್ನೇ ಕಳೆದುಕೊಂಡಂತಾಯಿತು. ಮುಂದೆ ತೂಕ ಮರಳಿ ಬಂದರೆ—ಬಹುಮಂದಿಗೆ ಬರುತ್ತದೆ—ಬರುವುದು ಹೆಚ್ಚಾಗಿ ಕೊಬ್ಬೇ. ನಲವತ್ತು ದಾಟಿದವರಿಗೆ ಇದು ಸಣ್ಣ ನಷ್ಟವಲ್ಲ. ರಕ್ತದಲ್ಲಿಯ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣವೇ ಸ್ನಾಯು. ಮಧುಮೇಹಕ್ಕೆ ಹೆದರಿ ಉಪವಾಸ ಹಿಡಿದವನು ಆ ಉಗ್ರಾಣವನ್ನೇ ಕುಗ್ಗಿಸಿಕೊಳ್ಳುವುದು ಜಾಣತನವಲ್ಲ. ಸ್ನಾಯುವನ್ನು ಉಳಿಸಿಕೊಳ್ಳುವ ಉಪಾಯವೆಂದರೆ ಅದಕ್ಕೆ ಭಾರ ಕೊಡುವುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವಲ್ಲದೆ, ಕಡಿಮೆಯೆಂದರೆ ಎರಡು ದಿನ ಸ್ನಾಯುಬಲದ ಸಾಧನೆಯನ್ನೂ ಹೇಳಿದೆ. ನಮ್ಮವರು ಮೊದಲನೆಯದನ್ನು ಕೇಳಿ ನಡೆಯಲು ಹೊರಡುತ್ತಾರೆ. ಎರಡನೆಯದನ್ನು ಕೇಳಿದವರು ಕಡಿಮೆ.

ಭಾರವೆಂದೊಡನೆ ಯಂತ್ರಗಳ ನೆನಪಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಓಟದ ಯಂತ್ರವು ಆರು ತಿಂಗಳೊಳಗೆ ಒದ್ದೆ ಪಂಚೆಗಳನ್ನು ಹರವುವ ಗಳುವಾದುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇವೆ. ಭಾರ ಎತ್ತುವ ವಿದ್ಯೆ ಆ ಸೀಮೆಗೆ ಹೊಸದೂ ಅಲ್ಲ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೂ ಜೋಳದ ಚೀಲವನ್ನೂ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಗರಡಿಯ ದಂಡ, ಬೈಠಕ್‌ಗಳಿಗೆ—ಹಳೆಯ ಮೈಸೂರಿನವರು ಎರಡನೆಯದನ್ನು ಬಸ್ಕಿ ಎನ್ನುತ್ತಾರೆ—ಕೆಂಪು ಮಣ್ಣು ಬಿಟ್ಟರೆ ಬೇರೆ ಸಲಕರಣೆ ಬೇಕಾಗಿರಲಿಲ್ಲ. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಲು ಶ್ರಮಿಸಿದ ಔಂಧ ಸಂಸ್ಥಾನದ ಅರಸು ಭವಾನರಾವ್ ಪಂತಪ್ರತಿನಿಧಿಯವರ ಆಳ್ವಿಕೆಗೆ ವಿಜಯಪುರದ ಮಗ್ಗುಲಿನ ಗುಣದಾಳವೂ ಸೇರಿದ್ದಿತು. ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರು ಅರಮನೆಯ ಆಶ್ರಯದಲ್ಲಿ ಯೋಗಶಾಲೆಯನ್ನು ನಡೆಸಿ, 1934ರಲ್ಲಿ ‘ಯೋಗಮಕರಂದ’ವನ್ನು ಕನ್ನಡದಲ್ಲಿಯೇ ಹೊರತಂದರು. ಬೆಂಗಳೂರಿನ ಕೆ. ವಿ. ಅಯ್ಯರ್ ಅವರು—‘ಶಾಂತಲಾ’ ಕಾದಂಬರಿಯ ಕರ್ತೃಗಳೇ—ವ್ಯಾಯಾಮದ ಪಾಠಗಳನ್ನು ಅಂಚೆಯ ಮೂಲಕ ಕಲಿಸುತ್ತಿದ್ದರು. ಮನೆಯಲ್ಲಿದ್ದುಕೊಂಡೇ ಸಾಧನೆ ಮಾಡುವುದು ನೂತನ ಕಲ್ಪನೆಯೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಆದರೆ ಗರಡಿಯ ಸಾಧನೆಯನ್ನು ಇದ್ದುದಿದ್ದಂತೆ ಸ್ಥೂಲದೇಹಿಯ ಮೇಲೆ ಹೇರಬಾರದು. ಪೈಲವಾನನ ದಂಡವನ್ನು ಮೊದಲ ದಿನವೇ ಮಾಡಹೊರಟ 90 ಕಿಲೋದ ಗುಮಾಸ್ತನು ಮರುದಿನ ಭುಜ ಹಿಡಿದುಕೊಂಡು ಕೂಡುತ್ತಾನೆ, ಮೂರನೆಯ ದಿನ ಬಿಟ್ಟುಬಿಡುತ್ತಾನೆ. ದಂಡವನ್ನು ಗೋಡೆಗೆ ಕೈಯೂರಿ ಪ್ರಾರಂಭಿಸುವುದು ಲೇಸು. ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು, ಎದೆಯನ್ನು ಗೋಡೆಯ ಬಳಿಗೆ ತಂದು ಹಿಂದಕ್ಕೆ ನೂಕಬೇಕು. ಹನ್ನೆರಡು ಸಲ ಸುಲಭವಾದ ಮೇಲೆ ಮನೆಯ ಮುಂದಿನ ಕಟ್ಟೆ, ಕಟ್ಟೆ ಸುಲಭವಾದ ಮೇಲೆ ನೆಲ. ನೆಲಕ್ಕಿಳಿಯಲು ಮೂರು ತಿಂಗಳಾದರೂ ಚಿಂತೆಯಿಲ್ಲ. ಫರ್ಶಿ ಹಾಸಿದ ಪಡಸಾಲೆಯಲ್ಲಿ ಬೆವರಿದ ಅಂಗೈ ಜಾರುವುದುಂಟಾದ್ದರಿಂದ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಬೇಕು.

ಬೈಠಕ್ಕಿಗೆ ಕುರ್ಚಿಯೇ ಗುರು. ಅದರ ಮೇಲೆ ಮೆಲ್ಲಗೆ ಕುಳಿತು, ಕೈ ಊರದೆ ಏಳುವುದು; ಎಂಟು ಸಲ ಸಾಕು. ಮೊಣಕಾಲಿನಲ್ಲಿ ನೋವುಳ್ಳವರು ಕುರ್ಚಿಯ ಮೇಲೊಂದು ದಿಂಬನ್ನಿಟ್ಟು ಎತ್ತರಿಸಿಕೊಳ್ಳಲಿ. ಇನ್ನು ಬೆನ್ನಿಗೆ ಬೇಕಾದದ್ದು ಎಳೆಯುವ ಕೆಲಸ. ಇದಕ್ಕೆ ಅಡಿಗೆ ಎಣ್ಣೆಯ ಐದು ಲೀಟರಿನ ಖಾಲಿ ಡಬ್ಬಿಗಿಂತ ಒಳ್ಳೆಯ ಸಲಕರಣೆಯನ್ನು ನಾವು ಕಾಣೆವು: ಹಿಡಿಕೆಯುಂಟು, ಬಿರಡೆಯುಂಟು, ಬೆಲೆಯಿಲ್ಲ. ಒಂದು ಲೀಟರು ನೀರು ಒಂದು ಕಿಲೋ ಆದುದರಿಂದ ಡಬ್ಬಿಯೇ ತಕ್ಕಡಿಯೂ ಆಯಿತು. ಎರಡು ಲೀಟರಿನಿಂದ ತೊಡಗಿ ವಾರಕ್ಕೆ ಅರ್ಧ ಲೀಟರು ಏರಿಸುತ್ತ ಹೋಗಬಹುದು. ತುಂಬಿದ ಮೇಲೆ ನೀರು ಚೆಲ್ಲಿ ಒಣ ಉಸುಕು ತುಂಬಿದರೆ ಅದೇ ಡಬ್ಬಿ ಸುಮಾರು ಎಂಟು ಕಿಲೋ ತೂಗುತ್ತದೆ. ಒಂದು ಕೈಯನ್ನು ಕಟ್ಟೆಯ ಮೇಲೂರಿ ಬಾಗಿ, ಇನ್ನೊಂದು ಕೈಯಿಂದ ಡಬ್ಬಿಯನ್ನು ಸೊಂಟದವರೆಗೆ ಎಳೆಯುವುದು. ಕಡೆಗೆ ಎರಡು ಕೈಗಳಲ್ಲಿ ಎರಡು ಡಬ್ಬಿ ಹಿಡಿದು ಪಡಸಾಲೆಯ ಉದ್ದಕ್ಕೂ ಹತ್ತು ಸಲ ನಡೆಯುವುದು—ಕೊಡ ಹೊರುವ ಹೆಣ್ಣುಮಕ್ಕಳು ಹೆಸರಿಡದೆ ಮಾಡಿಕೊಂಡು ಬಂದ ವ್ಯಾಯಾಮವಿದು.

ಈ ನಾಲ್ಕನ್ನು ಎರಡು ಆವರ್ತ ಮಾಡಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಬಿಡುವಿನ ದಿನ ನಡಿಗೆ. ಪ್ರತಿ ಸಲವೂ ಇನ್ನೂ ಎರಡು ಮೂರು ಮಾಡಬಹುದೆನ್ನುವಾಗಲೇ ನಿಲ್ಲಿಸಬೇಕು. ಹೊಟ್ಟೆಯ ಬೊಜ್ಜು ಕರಗಲೆಂದು ಮಲಗಿ ಏಳುವ ಸಾಧನೆಯನ್ನು ನೂರುಗಟ್ಟಲೆ ಮಾಡುವವರಿಗೆ ಒಂದು ಮಾತು: ಯಾವ ಅಂಗವನ್ನು ದುಡಿಸಿದರೆ ಆ ಅಂಗದ ಕೊಬ್ಬೇ ಕರಗುವುದೆಂಬುದು ನಿಜವಲ್ಲ. ಹಣ ಖರ್ಚು ಮಾಡಲೇಬೇಕಾದರೆ ಕಾಲಿಗೆ ಸರಿಹೊಂದುವ ಬೂಟುಗಳಿಗೆ ಮಾಡಲಿ.

ಬೇಸಿಗೆಯಲ್ಲಿ ಆ ಸೀಮೆಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಆಗ ನಡಿಗೆಯನ್ನು ಬೆಳಗಿನ ಆರೂವರೆಯೊಳಗೆ ಮುಗಿಸಿ ನೀರು ಕುಡಿಯಬೇಕು. ನಡಿಗೆಯ ವಿಷಯದಲ್ಲಿ ಸ್ತ್ರೀಯರ ತೊಂದರೆಯೇ ಬೇರೆ. ಸಣ್ಣ ಊರಿನ ರಸ್ತೆಯಲ್ಲಿ ಗೃಹಿಣಿಯೊಬ್ಬಳು ಕೆಲಸವಿಲ್ಲದೆ ಬಿರಬಿರನೆ ನಡೆದರೆ ‘ಎತ್ತ ಹೊಂಟೀರಿ?’ ಎಂದು ಕೇಳುವವರು ಹತ್ತು ಜನ. ಮನೆಯ ಬಾಗಿಲಿಕ್ಕಿ ಮಾಡುವ ಈ ಇಪ್ಪತ್ತು ನಿಮಿಷಗಳು ಅವರಿಗೇ ಹೆಚ್ಚು ಉಪಕಾರಿ. ಮನೆಗೆಲಸವೇ ಸಾಕಷ್ಟು ವ್ಯಾಯಾಮವಲ್ಲವೇ ಎನ್ನುವ ಪುರುಷರುಂಟು. ಮನೆಗೆಲಸ ದಣಿಸುತ್ತದೆ, ನಿಜ. ಆದರೆ ಭಾರ ದಿನದಿನಕ್ಕೆ ಏರದಿದ್ದರೆ ಬಲ ಬೆಳೆಯುವುದಿಲ್ಲ. ಆ ಇಪ್ಪತ್ತು ನಿಮಿಷ ಒಲೆಯ ಮುಂದೆ ಬೇರೆ ಯಾರಾದರೂ ನಿಲ್ಲಬೇಕಾಗುತ್ತದೆ ಎಂಬುದನ್ನೂ ಅವರು ಲೆಕ್ಕಕ್ಕೆ ಹಿಡಿಯಲಿ.

ಊಟದಲ್ಲಿ ರೊಟ್ಟಿಯೊಂದನ್ನು ಇಳಿಸಿದವರು ಕಾಳನ್ನು ಇಳಿಸಬಾರದು. ಸ್ನಾಯುವಿಗೆ ಸಸಾರಜನಕ ಬೇಕು. 100 ಗ್ರಾಂ ಹೆಸರುಕಾಳಿನಲ್ಲಿ ಅದು ಸುಮಾರು 24 ಗ್ರಾಂ ಇದ್ದರೆ, ಅಷ್ಟೇ ಜೋಳದಲ್ಲಿ ಹತ್ತೇ ಗ್ರಾಂ. ಮಡಿಕೆಕಾಳು, ತೊಗರಿಬೇಳೆ, ಮಜ್ಜಿಗೆ, ತಿನ್ನುವವರಿಗೆ ತತ್ತಿ—ಡಬ್ಬಿಯಲ್ಲಿ ಮಾರುವ ದುಬಾರಿ ಪುಡಿಗಳ ಕೆಲಸವನ್ನು ಇವೇ ಮಾಡುತ್ತವೆ.

ಇನ್ಸುಲಿನ್ ತೆಗೆದುಕೊಳ್ಳುವವರು, ಏರಿದ ರಕ್ತದೊತ್ತಡದವರು, ನಡೆಯುವಾಗ ಎದೆ ಹಿಡಿದಂತಾಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೊಡಗಬಾರದು. ಉಳಿದವರು ವಾರಕ್ಕೆ ಅರ್ಧ ಕಿಲೋ ಇಳಿದರೆ ತೃಪ್ತರಾಗಲಿ. ತಕ್ಕಡಿಯ ಮುಳ್ಳು ಕೆಲವು ವಾರ ಅಲುಗದೆ ನಿಲ್ಲುವುದೂ ಉಂಟು. ಅಂಥ ಕಾಲಕ್ಕೆ ದರ್ಜಿಯ ಅಳತೆಪಟ್ಟಿ ಹೆಚ್ಚು ನಂಬಿಕೆಗೆ ಅರ್ಹವಾದುದು. ಭಾರತೀಯರಲ್ಲಿ ಪುರುಷರ ಸೊಂಟ 90 ಸೆಂಟಿಮೀಟರನ್ನೂ ಸ್ತ್ರೀಯರದು 80ನ್ನೂ ಮೀರಬಾರದೆಂದು ವೈದ್ಯರ ಮತ. ತಿಂಗಳಿಗೊಮ್ಮೆ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಹೊಕ್ಕಳ ಮಟ್ಟದಲ್ಲಿ ಅಳೆದು, ಪಂಚಾಂಗದ ಆ ದಿನದ ಮನೆಯಲ್ಲಿ ಬರೆದಿಡಬೇಕು. ಅದರ ಪಕ್ಕದಲ್ಲಿಯೇ ಡಬ್ಬಿಯಲ್ಲಿ ಎಷ್ಟು ಲೀಟರು ಇತ್ತೆಂಬುದನ್ನೂ.