ಚಿನ್ನದ ಊರಿಗೊಂದು ದಿನ

ರಾಜಾಜಿನಗರದಿಂದ ನಸುಕಿನಲ್ಲಿ ಹೊರಟವರು ಸುಮಾರು 100 ಕಿಲೋಮೀಟರು ಕ್ರಮಿಸಿ, ಊಟದ ಹೊತ್ತಿಗೆ ಮುಂಚೆಯೇ ಕೋಲಾರದ ಚಿನ್ನದ ಗಣಿಗಳ ಊರನ್ನು ತಲಪಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುದು ಇಲ್ಲಿಗೆ. ಬೆಂಗಳೂರು ಆ ಬೆಳಕಿಗೆ 1905ರವರೆಗೆ ಕಾಯಬೇಕಾಯಿತು! ಜಾನ್ ಟೇಲರ್ ಕಂಪನಿಯ ಕಾಲದ ಬಂಗಲೆ, ಕ್ಲಬ್ಬುಗಳು ನೋಡಲು ಸೊಗಸು. ಆದರೆ ಅಷ್ಟನ್ನೇ ಕಂಡು ಮರಳಿದರೆ ಅರ್ಧ ಪ್ರವಾಸವಷ್ಟೆ. ಗಣಿಯಲ್ಲಿ ದುಡಿದ ಹಿರಿಯರೊಬ್ಬರು ಜೊತೆಗಿದ್ದರೆ, ಕೂಲಿಕಾರರ ಇಕ್ಕಟ್ಟಾದ ಸಾಲುಮನೆಗಳಿಗೂ ಕರೆದೊಯ್ದಾರು. ಚಾಂಪಿಯನ್ ರೀಫ್ ಗಣಿಯಲ್ಲಿ ಇಲ್ಲಿಯವರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಒತ್ತಡಕ್ಕೆ ಬಂಡೆ ಸಿಡಿದು ಎಷ್ಟೋ ಮಂದಿ ಮಡಿದರು. 2001ರಲ್ಲಿ ಗಣಿ ಮುಚ್ಚಿತು. ಈಗ ಅವರ ಮಕ್ಕಳು ಮುಂಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಚಿನ್ನ ತೆಗೆದುಳಿದ ಮಣ್ಣಿನ ಸಯನೈಡ್ ದಿಬ್ಬಗಳು ಮಾತ್ರ ಅಲ್ಲಿಯೇ ಇವೆ. ಗಾಳಿ ಎದ್ದಾಗ ಅವುಗಳ ಧೂಳು ಊರಿನ ಮನೆಗಳನ್ನು ಹೊಗುತ್ತದೆ.