ಕ್ಯಾನ್ಸರ್ ಮಾತ್ರೆ ಮನೆಗೆ ಬಂದಾಗ

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೆಸರು ಕೇಳದ ಮುಂಬಯಿ ಕನ್ನಡಿಗರಿಲ್ಲ. ಊರಿನಲ್ಲಿ ಯಾರಿಗಾದರೂ ‘ದೊಡ್ಡ ಕಾಯಿಲೆ’ ಎಂದು ಗೊತ್ತಾದ ಕೂಡಲೇ ಫೋನು ಬರುವುದು ಡೊಂಬಿವಲಿಯಲ್ಲೋ, ಮುಲುಂಡಿನಲ್ಲೋ, ಮೀರಾ ರೋಡಿನಲ್ಲೋ ಇರುವ ನೆಂಟರಿಗೆ. ಈ ಆಸ್ಪತ್ರೆಯ ಹುಟ್ಟಿನ ಹಿಂದೆಯೂ ಒಂದು ಮನೆಯ ದುಃಖವಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹೆರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಹತ್ತು ವರ್ಷಗಳ ನಂತರ, 1941ರ ಫೆಬ್ರವರಿ 28ರಂದು ಆಸ್ಪತ್ರೆ ಬಾಗಿಲು ತೆರೆಯಿತು. ಆ ಕಾಲದಲ್ಲಿ ಎಷ್ಟು ಹಣವಿದ್ದರೂ ಆ ಕಾಯಿಲೆಗೆ ಮದ್ದಿರಲಿಲ್ಲ. ಇಂದು ರಕ್ತದ ಕ್ಯಾನ್ಸರ್‌ಗಳಲ್ಲಿ ಒಂದು ಬಗೆಯವರು ದಿನಕ್ಕೊಂದು ಮಾತ್ರೆ ನುಂಗಿ, ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಾರೆ.

ಆ ಬಗೆಯ ಹೆಸರು ಕ್ರಾನಿಕ್ ಮೈಲಾಯ್ಡ್ ಲುಕೇಮಿಯಾ, ಚಿಕ್ಕದಾಗಿ ಸಿಎಂಎಲ್. ಅದರ ಮಾತ್ರೆ ಇಮಾಟಿನಿಬ್. ಇಂಥ ಮದ್ದುಗಳಿಗೆ ‘ಟಾರ್ಗೆಟೆಡ್’ ಅಂದರೆ ಗುರಿಯಿಟ್ಟ ಮದ್ದು ಎನ್ನುತ್ತಾರೆ. ಹಳೆಯ ಕೀಮೋಥೆರಪಿ ವೇಗವಾಗಿ ಬೆಳೆಯುವ ಎಲ್ಲ ಜೀವಕೋಶಗಳಿಗೂ ಪೆಟ್ಟು ಕೊಡುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದಕ್ಕೇ. ಸಿಎಂಎಲ್‌ನಲ್ಲಿ ಎರಡು ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಹುಟ್ಟಿಕೊಳ್ಳುತ್ತದೆ. ಬಿಳಿ ರಕ್ತಕಣಗಳಿಗೆ ‘ಬೆಳೆಯಿರಿ, ಬೆಳೆಯಿರಿ’ ಎಂದು ಬಿಡುವಿಲ್ಲದೆ ಹೇಳುವುದು ಇದೇ. ಇಮಾಟಿನಿಬ್ ನೇರವಾಗಿ ಅದರ ಬಾಯಿ ಕಟ್ಟುತ್ತದೆ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಿಗೆ ಗೆಫಿಟಿನಿಬ್, ಎರ್ಲೋಟಿನಿಬ್, ಓಸಿಮರ್ಟಿನಿಬ್; ಸ್ತನ ಕ್ಯಾನ್ಸರ್‌ನ ಒಂದು ಬಗೆಗೆ ಪಾಲ್ಬೊಸಿಕ್ಲಿಬ್ – ಹೀಗೆ ಈ ಬಳಗ ಈಗ ದೊಡ್ಡದಾಗಿದೆ.

ಅಮೆರಿಕದಲ್ಲಿ ಇಮಾಟಿನಿಬ್‌ಗೆ 2001ರಲ್ಲಿ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ನೋವಾರ್ಟಿಸ್ ಕಂಪನಿಯ ‘ಗ್ಲಿವೆಕ್’ಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೆಲೆಯಿತ್ತು. ಭಾರತೀಯ ಕಂಪನಿಗಳ ಜೆನೆರಿಕ್ ಮಾತ್ರೆ ಸುಮಾರು ಎಂಟು–ಹತ್ತು ಸಾವಿರಕ್ಕೆ ಸಿಗುತ್ತಿತ್ತು. ಪೇಟೆಂಟ್ ಬೇಕೆಂದು ನೋವಾರ್ಟಿಸ್ ಹೂಡಿದ ವ್ಯಾಜ್ಯದಲ್ಲಿ ಮುಂಬಯಿಯ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ರೋಗಿಗಳ ಪರ ನಿಂತಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟ್ ನಿರಾಕರಿಸಿತು. ಮಾತ್ರೆ ಮಧ್ಯಮ ವರ್ಗದವರ, ಹೋಟೆಲ್ ಕೆಲಸಗಾರರ ಕೈಗೆಟಕುವಂತೆ ಉಳಿಯಿತು.

ಮಾತ್ರೆ ಕೈಗೆ ಬಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಮನೆಯಲ್ಲಿದೆ.

ತಿಂಗಳಿಗೆ ಮೂರು ದಿನ

ಸಲೈನ್ ಹಾಕುವಾಗ ಪಕ್ಕದಲ್ಲಿ ನರ್ಸ್ ಇರುತ್ತಾರೆ. ಮಾತ್ರೆ ಮನೆಗೆ ಬಂದರೆ ನರ್ಸೂ ನಾವೇ, ಕಂಪೌಂಡರೂ ನಾವೇ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ಮಂದಿಯ ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ಚಿಪ್ ಇಟ್ಟು, ಡಬ್ಬಿ ಯಾವಾಗ ತೆರೆಯಿತು ಎಂದು ದಾಖಲಿಸಿದರು. 2010ರಲ್ಲಿ ಪ್ರಕಟವಾದ ಅದರ ಫಲ ಕಣ್ಣು ತೆರೆಸುವಂಥದ್ದು. ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಂದಿ ನೂರರಲ್ಲಿ ತೊಂಬತ್ತು ಅಥವಾ ಅದಕ್ಕಿಂತ ಕಡಿಮೆ ಮಾತ್ರೆ ನುಂಗಿದ್ದರು, ಮತ್ತು ಮದ್ದಿನ ಪೂರ್ಣ ಫಲ ಅವರಿಗೆ ಸಿಗಲಿಲ್ಲ. ತಿಂಗಳ ಲೆಕ್ಕದಲ್ಲಿ ಅದು ಬರೀ ಮೂರು ದಿನ ತಪ್ಪಿದಂತೆ.

ಮೂರು ದಿನ ತಪ್ಪುವುದು ನಮ್ಮ ಬದುಕಿನಲ್ಲಿ ಎಷ್ಟು ಸುಲಭ! ಹೋಟೆಲಿನಲ್ಲಿ ಎರಡು ಪಾಳಿ ಒಟ್ಟಿಗೆ ಬಿತ್ತು, ಊರಿನಲ್ಲಿ ಕೋಲ, ಮದುವೆ, ಉತ್ತರಕ್ರಿಯೆ ಎಂದು ಅವಸರದಲ್ಲಿ ಮತ್ಸ್ಯಗಂಧಾ ಹತ್ತಿದೆವು, ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲ, ಇಲ್ಲವೇ ‘ಈಗ ಹುಷಾರಾಗಿದ್ದೇನಲ್ಲ’ ಎಂಬ ಧೈರ್ಯ. ಮದ್ದು ನಿಂತಾಗ ಉಳಿದ ಕೆಟ್ಟ ಕಣಗಳು ಮತ್ತೆ ತಲೆಯೆತ್ತಬಹುದು. ಆ ಮದ್ದಿಗೆ ಬಗ್ಗದ ಹಾಗೂ ಆಗಬಹುದು. ಸಿಎಂಎಲ್ ಇರುವ ಕೆಲವರಿಗೆ ವರ್ಷಗಟ್ಟಲೆ ರಿಪೋರ್ಟ್ ಚೆನ್ನಾಗಿದ್ದ ಮೇಲೆ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ಅದು ಮೇಲಿಂದ ಮೇಲೆ ರಕ್ತಪರೀಕ್ಷೆ ಮಾಡಿಸುತ್ತಾ, ಅವರ ಕಣ್ಣೆದುರಿನಲ್ಲೇ ಆಗಬೇಕು.

ಒಂದು ಹೊತ್ತು ಮರೆತರೆ? ಮರುದಿನ ಎರಡು ಒಟ್ಟಿಗೆ ನುಂಗಬಾರದು. ನುಂಗಿದ ಮೇಲೆ ವಾಂತಿಯಾದರೆ ನೀವಾಗಿಯೇ ಇನ್ನೊಂದು ತೆಗೆದುಕೊಳ್ಳಬೇಡಿ. ಮರೆತ ಮಾತ್ರೆಯನ್ನು ಎಷ್ಟು ಗಂಟೆಯೊಳಗೆ ತೆಗೆದುಕೊಳ್ಳಬಹುದು ಎನ್ನುವುದು ಒಂದೊಂದು ಮದ್ದಿಗೆ ಒಂದೊಂದು ರೀತಿ. ಮೊದಲ ದಿನವೇ ಕೇಳಿ, ಬರೆದಿಟ್ಟುಕೊಳ್ಳಿ.

ಊಟಕ್ಕೆ ಮೊದಲೋ, ನಂತರವೋ

‘ಮಾತ್ರೆ ಎಂದಮೇಲೆ ಊಟವಾದ ಮೇಲೆ’ ಎನ್ನುವುದು ನಮ್ಮ ಮನೆಗಳ ರೂಢಿ. ಇಮಾಟಿನಿಬ್‌ಗೆ ಅದು ಸರಿ: ಊಟದೊಂದಿಗೆ, ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಅದೇ ಕಾಯಿಲೆಗೆ ಕೊಡುವ ನಿಲೋಟಿನಿಬ್ ಕ್ಯಾಪ್ಸೂಲ್‌ಗೆ ನಿಯಮ ತಿರುಗುಮುರುಗು. ಅದಕ್ಕೆ ಮೊದಲು ಎರಡು ಗಂಟೆ, ನಂತರ ಒಂದು ಗಂಟೆ ಏನೂ ತಿನ್ನಬಾರದು. ಊಟದೊಂದಿಗೆ ತೆಗೆದುಕೊಂಡರೆ ರಕ್ತದಲ್ಲಿ ಮದ್ದು ಅತಿಯಾಗಿ ಏರಿ ಹೃದಯದ ಬಡಿತದ ಲಯ ತಪ್ಪಬಹುದು. ಎರ್ಲೋಟಿನಿಬ್ ಕೂಡ ಖಾಲಿ ಹೊಟ್ಟೆಯ ಮದ್ದು. ಪಾಲ್ಬೊಸಿಕ್ಲಿಬ್ ಸಾಮಾನ್ಯವಾಗಿ 21 ದಿನ ತೆಗೆದುಕೊಂಡು 7 ದಿನ ಬಿಡುವಂಥದ್ದು. ಆ ಏಳು ದಿನದ ಬಿಡುವೂ ಚಿಕಿತ್ಸೆಯ ಭಾಗವೇ. ಆದ್ದರಿಂದ ಡಾಕ್ಟರು ಮದ್ದು ಬದಲಿಸಿದ ದಿನ ಹಳೆಯ ನಿಯಮವನ್ನೂ ಬದಲಿಸಬೇಕಾಗುತ್ತದೆ.

ಇನ್ನೊಂದು ಗಮನಿಸಬೇಕಾದ ಸಂಗತಿ ಮಿಲಿಗ್ರಾಂ. ಇಮಾಟಿನಿಬ್ 100 ಮತ್ತು 400 ಮಿ.ಗ್ರಾಂ. ಎರಡರಲ್ಲೂ ಬರುತ್ತದೆ. ನೂರರ ನಾಲ್ಕು ಮಾತ್ರೆ ನುಂಗಿ ರೂಢಿಯಾದ ಅಪ್ಪನಿಗೆ ಮೆಡಿಕಲ್‌ನವರು ಈ ಸಲ ನಾನೂರರದ್ದು ಕೊಟ್ಟರೆ, ರೂಢಿಯ ಮೇಲೆ ನಾಲ್ಕು ನುಂಗಿಬಿಟ್ಟಾರು. ಪ್ರತಿ ಸಲ ತಂದ ಪೊಟ್ಟಣವನ್ನು ಚೀಟಿಯೊಂದಿಗೆ ಹೋಲಿಸಿ ನೋಡಿ. ಕಂಪನಿ ಬದಲಾದರೂ ಡಾಕ್ಟರಿಗೆ ತಿಳಿಸಿ.

ಪಪನಸ್, ಕಷಾಯ, ಗ್ಯಾಸಿನ ಮಾತ್ರೆ

ಈ ಮದ್ದುಗಳಲ್ಲಿ ಹಲವನ್ನು ದೇಹದಿಂದ ಹೊರಹಾಕುವ ಕೆಲಸ ಲಿವರಿನ ಕಿಣ್ವಗಳದ್ದು. ಗ್ರೇಪ್‌ಫ್ರೂಟ್ ಹಣ್ಣು ಆ ಕಿಣ್ವವನ್ನು ತಡೆಯುತ್ತದೆ. ಆಗ ಮದ್ದು ರಕ್ತದಲ್ಲಿ ಏರುತ್ತಾ ಹೋಗುತ್ತದೆ. ‘ನಾವು ಆ ವಿದೇಶಿ ಹಣ್ಣು ತಿನ್ನುವುದೇ ಇಲ್ಲ’ ಎನ್ನಬೇಡಿ. ಅದರ ಹತ್ತಿರದ ಬಂಧು ನಮ್ಮ ಚಕ್ಕೋತ. ಗಣಪತಿ ಹಬ್ಬದ ಹೊತ್ತಿಗೆ ಮುಂಬಯಿ ಮಾರುಕಟ್ಟೆಗೆ ಬರುವ ಪಪನಸ್ ಅದೇ. ಪ್ರಸಾದವಾದರೂ ಈ ಮದ್ದು ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನದಿರುವುದು ಒಳ್ಳೆಯದು.

ಕಷಾಯದ ಮಾತು ಸ್ವಲ್ಪ ಸೂಕ್ಷ್ಮ. ಊರಿನಿಂದ ಬಂದ ಅತ್ತೆ ಪ್ರೀತಿಯಿಂದ ಅಮೃತಬಳ್ಳಿ ಕುದಿಸಿ ಕೊಡುತ್ತಾರೆ; ಬೇಡ ಎನ್ನಲು ಬಾಯಿ ಬರುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ರೋಗಿಗಳಲ್ಲಿ ಲಿವರಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಚರ್ಚೆ ಏನೇ ಇರಲಿ, ಕ್ಯಾನ್ಸರ್ ಮಾತ್ರೆಯಿಂದ ಆಗಲೇ ದುಡಿಯುತ್ತಿರುವ ಲಿವರಿನ ಮೇಲೆ, ಇಷ್ಟೇ ಎಂಬ ಅಳತೆಯಿಲ್ಲದ ಇನ್ನೊಂದು ಮದ್ದನ್ನು ಹೇರುವುದು ಬುದ್ಧಿವಂತಿಕೆಯಲ್ಲ. ಅಡುಗೆಗೆ ಹಾಕುವ ಚಿಟಿಕೆ ಅರಸಿನ ಬೇರೆ, ಅರಸಿನದ ಕ್ಯಾಪ್ಸೂಲ್ ಬೇರೆ. ನಾಟಿ ಮದ್ದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಬೈಸಿಕೊಂಡರೂ ಪರವಾಗಿಲ್ಲ, ಹೇಳಿ.

ಇಂಗ್ಲಿಷ್ ಮದ್ದಿನಲ್ಲೂ ಇದೇ ಜಗಳವಿದೆ. ಹೊತ್ತಿಲ್ಲದ ಹೊತ್ತಿನಲ್ಲಿ ಉಣ್ಣುವ ನಮ್ಮವರಿಗೆ ಗ್ಯಾಸಿನ ಮಾತ್ರೆ ನಿತ್ಯದ ಸಂಗಾತಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಆಮ್ಲ ಇಳಿಸುವುದರಿಂದ ಡಸಾಟಿನಿಬ್, ಎರ್ಲೋಟಿನಿಬ್, ಗೆಫಿಟಿನಿಬ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಇಮಾಟಿನಿಬ್‌ನ ಬಲ ಕುಗ್ಗಿಸುತ್ತವೆ. ಕ್ಲಾರಿಥ್ರೋಮೈಸಿನ್‌ನಂಥ ಆ್ಯಂಟಿಬಯೋಟಿಕ್ ಅದನ್ನು ಏರಿಸುತ್ತದೆ. ಬೀಡಿ, ಸಿಗರೇಟು ಎರ್ಲೋಟಿನಿಬ್‌ನ ಪ್ರಮಾಣವನ್ನು ಇಳಿಸುತ್ತವೆ. ಗಲ್ಲಿಯ ಡಾಕ್ಟರ ಬಳಿ ಶೀತ-ಜ್ವರಕ್ಕೆ ಹೋದರೂ ಮೊದಲ ಮಾತು ‘ನಾನು ಈ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ’ ಎಂದಿರಲಿ.

ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಇಮಾಟಿನಿಬ್‌ನಿಂದ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುವುದು, ಕಾಲಿನ ಸ್ನಾಯು ಹಿಡಿಯುವುದು ಸಾಮಾನ್ಯ. ಎರ್ಲೋಟಿನಿಬ್‌ನಿಂದ ಮುಖದಲ್ಲಿ ಮೊಡವೆಯಂಥ ಗುಳ್ಳೆ ಏಳುತ್ತವೆ. ಇವನ್ನು ನೋಡಿ ‘ಅಲರ್ಜಿ’ ಎಂದು ಮಾತ್ರೆ ಬಿಡಬೇಡಿ. ಮುಂದಿನ ಭೇಟಿಯಲ್ಲಿ ಹೇಳಿದರೆ ಪರಿಹಾರವಿದೆ. ಆದರೆ 100.4 ಡಿಗ್ರಿ ಮೀರಿದ ಜ್ವರ, ಉಸಿರುಗಟ್ಟುವಿಕೆ, ಹೊಸದಾಗಿ ಶುರುವಾದ ಒಣಕೆಮ್ಮು, ಎದೆನೋವು, ತಲೆಸುತ್ತಿ ಬೀಳುವುದು, ಕಣ್ಣು ಹಳದಿಯಾಗುವುದು, ಕಪ್ಪು ಮಲ, ನಿಲ್ಲದ ಭೇದಿ, ಕೆಲವೇ ದಿನಗಳಲ್ಲಿ ತೂಕ ದಿಢೀರನೆ ಏರುವುದು – ಇವಕ್ಕೆ ನಾಳೆಯ ಓಪಿಡಿ ಕಾಯಬಾರದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭ ನಿಲ್ಲುವ ಸಾಧ್ಯತೆಯಿರುವ ಹೆಣ್ಣುಮಕ್ಕಳು ಮದ್ದು ಶುರುಮಾಡುವ ಮೊದಲೇ ಸಂಕೋಚ ಬಿಟ್ಟು ಮಾತಾಡಬೇಕು; ಇವುಗಳಲ್ಲಿ ಹಲವು ಮಗುವಿಗೆ ಅಪಾಯಕಾರಿ.

ಮೈ ಹಗುರಾಗಿದೆ ಎಂದು ತಪಾಸಣೆ ತಪ್ಪಿಸಬೇಡಿ. ಸಿಎಂಎಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸುವ ಪಿಸಿಆರ್ ಪರೀಕ್ಷೆ, ನಮಗೆ ಏನೂ ಅನ್ನಿಸುವ ಮೊದಲೇ ಕಾಯಿಲೆ ಮರಳುತ್ತಿದೆಯೇ ಎಂದು ಹೇಳಬಲ್ಲದು.

ಬಿಲ್ಲು, ಡಬ್ಬಿ, ಪ್ರಯಾಣ

2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಒಂದು ಜಾಲ ಹಿಡಿದರು. ದುಬಾರಿ ಕ್ಯಾನ್ಸರ್ ಇಂಜೆಕ್ಷನ್ನಿನ ಖಾಲಿ ಬಾಟಲಿಗಳಲ್ಲಿ ಅಗ್ಗದ ದ್ರವ ತುಂಬಿ ಮಾರುತ್ತಿದ್ದರು. ‘ಪರಿಚಯದವರ ಮೂಲಕ ಅರ್ಧ ಬೆಲೆಗೆ’ ಎಂಬ ಮಾತು ಬಂದರೆ ಎಚ್ಚರ. ಆಸ್ಪತ್ರೆಯ ಔಷಧಾಲಯದಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಕೊಂಡು, ಬ್ಯಾಚ್ ನಂಬರ್ ಇರುವ ಬಿಲ್ಲು ಪಡೆಯಿರಿ. ಹಣದ ತೊಂದರೆಯಿದ್ದರೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಮೊದಲು ಆಸ್ಪತ್ರೆಯ ಸಮಾಜಸೇವಾ ವಿಭಾಗಕ್ಕೆ ಹೋಗಿ. ಸರಕಾರಿ ಯೋಜನೆ, ಟ್ರಸ್ಟುಗಳ ದಾರಿ ಅವರಿಗೆ ಗೊತ್ತಿರುತ್ತದೆ.

ಮುಂಬಯಿಯ ಮಳೆಗಾಲದ ತೇವಕ್ಕೆ ಮಾತ್ರೆಯನ್ನು ಅದರ ಪೊಟ್ಟಣದಲ್ಲೇ ಇಡಿ. ಸ್ಟೋವ್ ಮೇಲಿನ ಕಪಾಟು, ಬಚ್ಚಲುಮನೆ ಬೇಡ. ಮಕ್ಕಳ ಕೈಗೂ ಸಿಗಬಾರದು. ಡಾಕ್ಟರು ಹೇಳದೆ ಪುಡಿ ಮಾಡಬೇಡಿ. ಊರಿಗೆ ಹೊರಟಾಗ ಒಂದು ವಾರದ ಮಾತ್ರೆ ಹೆಚ್ಚಿಗೆ ಇರಲಿ, ಸೀಟಿನ ಕೆಳಗಿನ ಪೆಟ್ಟಿಗೆಯ ಬದಲು ಕೈಚೀಲದಲ್ಲಿರಲಿ.

ಕೊನೆಯದಾಗಿ, ನಮ್ಮ ಮನೆಗಳಲ್ಲಿ ಕಾಯಿಲೆಯ ಹೆಸರನ್ನು ರೋಗಿಯಿಂದಲೇ ಮುಚ್ಚಿಡುವ ಅಭ್ಯಾಸವಿದೆ. ‘ಅಮ್ಮ ಹೆದರುತ್ತಾರೆ, ರಕ್ತ ಹೆಚ್ಚಾಗುವ ಮಾತ್ರೆ ಅಂತ ಹೇಳಿದ್ದೇವೆ’ ಎನ್ನುತ್ತಾರೆ. ಆದರೆ ಅದು ಬರೀ ರಕ್ತದ ಮಾತ್ರೆ ಎಂದು ನಂಬಿದ ಅಮ್ಮ, ಏಕಾದಶಿಯ ದಿನವೋ ಊರಿಗೆ ಹೋದಾಗಲೋ ಅದನ್ನು ಬಿಟ್ಟುಬಿಡುವುದು ಸಹಜ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಜ್ವರ ಬಂದರೆ ಪಕ್ಕದ ಮನೆಯವರಿಗೆ ಏನು ಹೇಳಬೇಕೆಂದು ಅವರಿಗೆ ಗೊತ್ತಿರುವುದಿಲ್ಲ. ಹೇಗೆ ಹೇಳಬೇಕೆಂದು ತಿಳಿಯದಿದ್ದರೆ ಡಾಕ್ಟರ ನೆರವು ಕೇಳಿ, ಆದರೆ ಹೇಳಿ. ಮದ್ದಿನ ಹೆಸರು, ಮಿಲಿಗ್ರಾಂ, ಹೊತ್ತು, ಊಟದ ನಿಯಮ, ಆಸ್ಪತ್ರೆಯ ಫೋನ್ ನಂಬರ್ – ಇಷ್ಟನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಮಾತ್ರೆ ನುಂಗಿದ ದಿನಕ್ಕೊಂದು ಗುರುತು ಹಾಕುವ ಪೆನ್ನು ಅವರ ಕೈಯಲ್ಲೇ ಇರಲಿ.