ಗೂಡಿನ ಮಾರ್ಕೆಟ್ಟಿನ ಇಂಗ್ಲಿಷು

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಕಿವಿ ಕೊಟ್ಟು ನಿಂತರೆ ಶಾಲೆ ಮೆಟ್ಟಿಲು ಹತ್ತದವರ ಬಾಯಲ್ಲೂ ಇಂಗ್ಲಿಷು. ಡೂಪಿಯನ್, ಡೆನಿಯರ್, ಬೈವೋಲ್ಟಿನ್! ತಮಾಷೆಯೆಂದರೆ ಇವು ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಡೆನಿಯರ್ ಫ್ರಾನ್ಸಿನ ಹಳೆಯ ಪುಡಿಗಾಸಿನ ಹೆಸರು. ಈಗ ನೂಲಿನ ಅಳತೆ: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಬೈವೋಲ್ಟಿನ್ ಎಂದರೆ ವರ್ಷಕ್ಕೆ ಎರಡು ಪೀಳಿಗೆಯ ಹುಳು. ನಮ್ಮವರಿಗೆ 'ಬಿಳಿಗೂಡು' ಅಂದರೆ ಮುಗೀತು. ಅದೇ ಸರಿ ಬಿಡಿ.

ಕನಕಪುರ, ಮಾಗಡಿ ಕಡೆಯ ರೈತನ ಜೇಬಿಗೆ ತಾಗುವ ಮಾತು ಡೂಪಿಯನ್. ಇಟಲಿ ಮೂಲದ ಪದ, ಜೋಡಿ ಎಂಬ ಅರ್ಥದ್ದು. ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಒತ್ತೊತ್ತಾಗಿ ಬಿಟ್ಟರೆ ಎರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಎಳೆ ಸಿಕ್ಕಾಗಿ ನಯವಾದ ನೂಲು ಬರೋದಿಲ್ಲ. "ಡೂಪಿಯನ್ ಜಾಸ್ತಿ ಐತೆ ಕಣಣ್ಣ" ಎಂದು ರೀಲರು ಮುಖ ತಿರುಗಿಸಿದರೋ, ಕಿಲೋ ಮೇಲೆ ರೇಟು ಇಳಿಯಿತೆಂದೇ ಲೆಕ್ಕ. ಅದೇ ಗಂಟುಗಂಟಿನ ನೂಲಿನ ಬಟ್ಟೆ ಪೇಟೆಯಲ್ಲಿ 'ಡೂಪಿಯನ್ ಸಿಲ್ಕ್' ಎಂದು ಗಾಜಿನ ಬೀರುವಿನಲ್ಲಿ ಕೂರುತ್ತದೆ. ಅಲ್ಲಿ ಗಂಟೇ ಅಂದ! ಜೋಡಿಗೂಡನ್ನು ಮನೆಯಲ್ಲೇ ಆರಿಸಿ ಬೇರೆ ಕಟ್ಟಿ ತಂದರೆ, ಒಳ್ಳೆಯ ಲಾಟಿನ ಮುಂದೆ ರೀಲರಿಗೆ ಆ ಮಾತೆತ್ತಲು ಎಡೆ ಸಿಗದು.